ಒಂಬತ್ತನೆಯ ಹಾಳೆ

ಏನು ಕೆಲಸದಲ್ಲಿದ್ದಿರಿ ಎಂದು ಯಾರಾದರೂ ಕೇಳಿದರೆ ಮೊದಮೊದಲು ಉದ್ದುದ್ದ ವಿವರಿಸುತ್ತಿದ್ದೆ. ಈಗ "ಮ್ಯೂಸಿಯಂನಲ್ಲಿ ಕಾಗದ ರಿಪೇರಿ ಮಾಡ್ತಿದ್ದೆ" ಎಂದು ಮುಗಿಸಿಬಿಡುತ್ತೇನೆ. ಕೇಳಿದವರು "ಓ" ಎಂದು ತಮ್ಮ ಮಕ್ಕಳ ಶಾಲೆಯ ವಿಷಯಕ್ಕೆ ಹೋಗುತ್ತಾರೆ. ಅದರಲ್ಲಿ ನನಗೆ ಬೇಜಾರೇನಿಲ್ಲ. ನಾವಿರುವ ಡಚ್ಚರ ಊರು ಹಾರ್ಲೆಮ್‌ನಲ್ಲಿ ಕನ್ನಡದವರೆಲ್ಲ ಯುಗಾದಿ ಊಟಕ್ಕೆ ಸೇರಿದರೆ ಸಾಫ್ಟ್‌ವೇರಿನವರ ನಡುವೆ ಅಂಟು, ಬ್ರಷ್ಷು ಹಿಡಿದವಳು ನಾನೊಬ್ಬಳೇ. ನನ್ನ ಗಂಡ ವಸಂತ ಸಹ ಜೂಟರ್‌ಮೀರ್‌ನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡಿಯೇ ನಿವೃತ್ತರಾದವರು.

ಈ ಬರಹಕ್ಕೆ ಕಾರಣ ರಚನಾ. ಮೈಸೂರಿನ ಹುಡುಗಿ. ಇಲ್ಲಿಗೆ ಓದಲು ಬಂದು, ಡೀಮೆನ್‌ನಲ್ಲಿ ಒಂದು ಪುಟ್ಟ ಫ್ಲ್ಯಾಟ್ ಹಿಡಿದು, ನಾನು ಬಿಟ್ಟ ಮೇಜಿಗೇ ಕೆಲಸಕ್ಕೆ ಬಂದಿದ್ದಾಳೆ. ನಾನು ಕೀಲಿ ಒಪ್ಪಿಸಿದ ವಾರ ಕೇಳಿದಳು: "ಮೇಡಂ, ಥಿಯರಿ ಎಲ್ಲಾ ಓದ್ಕೊಂಡಿದೀನಿ. ಆದ್ರೆ ಯಾವ ಬುಕ್ಕಲ್ಲೂ ಜನ ಏನೇನ್ ಹಾಳ್ ಮಾಡಿದ್ರು ಅಂತ ಬರ್ದಿಲ್ಲ. ಪ್ಲೀಸ್, ನೀವು ಅದನ್ನ ಬರ್ದುಕೊಡಿ." ಹಾಳು ಮಾಡುವುದರಲ್ಲಿ ನಾನೇ ಪರಿಣತೆ ಎನ್ನುವ ಹಾಗೆ ಕೇಳಿದ್ದು ಸ್ವಲ್ಪ ಚುಚ್ಚಿತು. ಆದರೆ ಅವಳು ಕೇಳಿದ್ದು ಸರಿಯಾದ್ದನ್ನೇ. ಬಡ್ತಿ, ಹೂಗುಚ್ಛ, ಭಾಷಣ ಇವೆಲ್ಲ ನನಗೂ ಆದವು. ಅವನ್ನು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ.

ನಾನು ಓದಿದ್ದು ಕೆಮಿಸ್ಟ್ರಿ ಬಿ.ಎಸ್‌ಸಿ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಎರಡು ವರ್ಷ ಡಚ್ ಕ್ಲಾಸಿಗೆ ಓಡಾಡಿದ್ದೇ ಕೆಲಸ. ಆಮೇಲೆ ಒಂದು ಮ್ಯೂಸಿಯಂನ ಪ್ರಿಂಟ್ ರೂಮಿನಲ್ಲಿ, ಎಂದರೆ ಕಾಗದದ ಮೇಲಿನ ಚಿತ್ರಗಳನ್ನಷ್ಟೇ ಇಡುವ ವಿಭಾಗದಲ್ಲಿ, ಚಿತ್ರಗಳ ಸುತ್ತ ಕೂರಿಸುವ ರಟ್ಟು ಕತ್ತರಿಸುವ ಕೆಲಸ ಸಿಕ್ಕಿತು. ಕೆಲಸದ ಜೊತೆಜೊತೆಗೇ ಓದಿ, ಪರೀಕ್ಷೆ ಕಟ್ಟಿ, ನಾಲ್ಕು ವರ್ಷಕ್ಕೆ ರಿಪೇರಿ ಮೇಜಿಗೆ ಬಂದೆ. ಮ್ಯೂಸಿಯಂನ ಹೆಸರು ಇಲ್ಲಿ ಬೇಕಿಲ್ಲ.

ನನ್ನ ಮೊದಲ ಮೇಲಧಿಕಾರಿ ತ್ರೌಸ್. ಅರವತ್ತರ ಹತ್ತಿರದ, ಎತ್ತರದ, ಸದಾ ಒಂದೇ ನೀಲಿ ಕೋಟು ತೊಡುತ್ತಿದ್ದ ಹೆಂಗಸು. ಈ ದೇಶದಲ್ಲಿ ಮೇಲಧಿಕಾರಿಯನ್ನೂ ಹೆಸರು ಹಿಡಿದೇ ಕರೆಯಬೇಕು. ಅಮ್ಮನ ವಯಸ್ಸಿನವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಅದಕ್ಕೆ ಒಂದು ವರ್ಷ ಅವರನ್ನು ಕರೆಯಲೇ ಇಲ್ಲ. ಏನಾದರೂ ಬೇಕಾದರೆ ಎದುರಿಗೆ ಹೋಗಿ ನಿಂತು ಕೆಮ್ಮುತ್ತಿದ್ದೆ. ಕೊನೆಗೆ ಅವರು ನನ್ನ ಕೆಮ್ಮಿಗೆಂದು ಡಾಕ್ಟರ ಹತ್ತಿರ ಸಮಯ ಗೊತ್ತು ಮಾಡಿಸಿದರು. ಡಾಕ್ಟರರು ಎದೆ ನೋಡಿ, ಬೆನ್ನು ನೋಡಿ, ಏನೂ ಇಲ್ಲವಲ್ಲ ಎಂದರು. ಮಾರನೆಯ ದಿನದಿಂದ "ತ್ರೌಸ್" ಎಂದೆ.

ಅವರು ಕಲಿಸಿದ ಮೊದಲ ಪಾಠ ದೀಪದ್ದು. ಯಾವ ಹಾಳೆಯೇ ಕೈಗೆ ಬರಲಿ, ಮೊದಲು ಮೇಲಿನ ದೀಪ ಆರಿಸಬೇಕು. ಒಂದು ಪುಟ್ಟ ದೀಪವನ್ನು ಹಾಳೆಯ ಪಕ್ಕದಲ್ಲಿ, ಮೇಜಿನ ಮಟ್ಟಕ್ಕೇ ಇಟ್ಟು ಹಚ್ಚಬೇಕು. ಬೆಳಕು ಕಾಗದದ ಮೇಲೆ ಅಡ್ಡಡ್ಡ ಹಾಯ್ದರೆ ಪ್ರತಿ ಉಬ್ಬು, ಪ್ರತಿ ಮಡಿಕೆ ಎದ್ದು ಕಾಣುತ್ತದೆ. ಬೆಳಗಿನ ಎಳೆಬಿಸಿಲು ಬಾಗಿಲಿಂದ ಬಿದ್ದಾಗ ಆಗತಾನೇ ಗುಡಿಸಿದ ನೆಲದಲ್ಲೂ ಧೂಳು ಕಾಣುವ ಹಾಗೆ. ಜಪಾನಿನ ಅಚ್ಚುಚಿತ್ರಗಳಿಗೆ ಇದು ಇನ್ನೂ ಮುಖ್ಯ. ಅಲ್ಲಿನವರು ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಬಣ್ಣ ಹಚ್ಚಿ, ಮೇಲೆ ತೇವದ ಕಾಗದ ಹಾಸಿ, ಬೆನ್ನಿನಿಂದ ಕೈಯಲ್ಲೇ ಉಜ್ಜಿ ಅಚ್ಚು ತೆಗೆಯುತ್ತಾರೆ. ಕೆಲವೊಮ್ಮೆ ಹಲಗೆಗೆ ಬಣ್ಣವನ್ನೇ ಹಚ್ಚದೆ ಉಜ್ಜುತ್ತಾರೆ. ಆಗ ಕಾಗದದಲ್ಲಿ ಬರೀ ಉಬ್ಬು ಮೂಡುತ್ತದೆ. ಎದುರಿನಿಂದ ನೋಡಿದರೆ ಖಾಲಿ ಬಿಳಿ. ಅಡ್ಡಬೆಳಕಿನಲ್ಲಿ ನೋಡಿದರೆ ಅಲ್ಲಿ ಹಿಮ ಇರುತ್ತದೆ, ಹಕ್ಕಿಯ ಗರಿ ಇರುತ್ತದೆ. ನೀರಿನ ಆವಿ ತಾಗಿಸಿ ಭಾರ ಹೇರಿದರೆ ಆ ಉಬ್ಬು ಹೊರಟುಹೋಗುತ್ತದೆ, ಮತ್ತೆ ಬರುವುದಿಲ್ಲ.

ಅಂಟಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಹರಿದ ಕಾಗದಕ್ಕೆ ನಾವು ಬಳಸುವುದು ಗೋಧಿ ಗಂಜಿಯ ಅಂಟು. ಸೀರೆಗೆ ಗಂಜಿ ಹಾಕಿ, ಮೈದಾ ಅಂಟಲ್ಲಿ ಪುಸ್ತಕಕ್ಕೆ ಬೈಂಡು ಹಾಕಿ ಬೆಳೆದ ನನಗೆ ಇದನ್ನು ಯಾರು ಹೇಳಿಕೊಡಬೇಕು? ಮನೆಯ ಅಳತೆಯಲ್ಲಿ ಮೈದಾ ಕಲಸಿ, ಕುದಿಸಿ, ಜಿರಲೆ ಬರಬಾರದೆಂದು ಅಮ್ಮ ಹಾಕುತ್ತಿದ್ದಂತೆ ಚಿಟಿಕೆ ಮೈಲುತುತ್ತೂ ಹಾಕಿದೆ. ತ್ರೌಸ್ ಪಾತ್ರೆಯೊಳಗೆ ಇಣುಕಿ, "ಇದು ಯಾಕೆ ನೀಲಿ?" ಎಂದರು. ಹೇಳಿದೆ. ಅವರು ಪಾತ್ರೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋಗಿ ವಿಷದ ಕಸದ ಡಬ್ಬಿಯಲ್ಲಿಟ್ಟರು.

ಇನ್ನೊಂದು ದಿನ ಹಳೆಯ ಪ್ರಿಂಟೊಂದರ ಬಿಳಿ ಆಕಾಶದಲ್ಲಿ ಕೆಂಪು ಚುಕ್ಕೆಗಳು ಕಂಡವು. ಬೆಳಿಗ್ಗೆ ಇರಲಿಲ್ಲ. ಬೂಷ್ಟೋ, ಹುಳುವೋ ಎಂದು ಇಡೀ ವಿಭಾಗವೇ ಭೂತಗನ್ನಡಿ ಹಿಡಿದು ಸುತ್ತ ನಿಂತಿತು. ನಾನೂ ಬಗ್ಗಿ ನೋಡಿದೆ. ಇನ್ನೆರಡು ಚುಕ್ಕೆ ಬಿದ್ದವು. ನನ್ನ ಹಣೆಯ ಕುಂಕುಮ. ಅಂದು ಶುಕ್ರವಾರ, ಪೂಜೆ ಮಾಡಿ ಹೊರಟವಳು ಧಾರಾಳವಾಗಿಯೇ ಇಟ್ಟುಕೊಂಡಿದ್ದೆ. ಒಣ ಬ್ರಷ್ಷಿನಲ್ಲಿ ಎಲ್ಲ ಬಂತು, ಕಲೆಯಾಗಲಿಲ್ಲ. ಆದರೂ ತ್ರೌಸ್ ಬಿಡಲಿಲ್ಲ. "ವರದಿಯಲ್ಲಿ ಬರೆ. ನಮ್ಮಿಂದ ಆದದ್ದನ್ನು ಮೊದಲು ಬರೆಯಬೇಕು. ಕಾಗದಕ್ಕೆ ತಾನಾಗಿ ಆದದ್ದನ್ನು ಆಮೇಲೆ." ಹಾಗಾಗಿ ಆ ಚಿತ್ರದ ಕಡತದಲ್ಲಿ 'ಕೆಂಪು ಪುಡಿ, ಮೂಲ: ರಿಪೇರಿ ಮಾಡುತ್ತಿದ್ದವರ ಹಣೆ' ಎಂದು ನನ್ನ ಸಹಿಯ ಮೇಲೆ ಈಗಲೂ ಇದೆ. ಆವತ್ತಿನಿಂದ ಸ್ಟಿಕ್ಕರ್ ಬಿಂದಿಗೆ ಬಂದೆ.

ಆ ಕಾಲದಲ್ಲಿ ನಾವು ಬಹಳ ತೊಳೆಯುತ್ತಿದ್ದೆವು. ಹಳದಿಯಾದ ಕಾಗದ ಕಂಡರೆ ತೊಟ್ಟಿಗೆ, ಕಲೆ ಕಂಡರೆ ಬ್ಲೀಚಿಗೆ. ಈಗ ರಚನಾಳ ಕಾಲದಲ್ಲಿ ಆದಷ್ಟು ಮುಟ್ಟದಿರುವುದೇ ಕೆಲಸ. ಅರ್ಧ ದಿನ ನೋಡುತ್ತಾಳೆ, ಅರ್ಧ ದಿನ ಫೋಟೋ ತೆಗೆಸುತ್ತಾಳೆ, ಏನೂ ಮಾಡುವುದು ಬೇಡ ಎಂದು ಬರೆಯುತ್ತಾಳೆ. ನಾನಾಗಿದ್ದರೆ ಅಷ್ಟರಲ್ಲಿ ಹತ್ತು ಹಾಳೆ ತೊಳೆದು ಒಣಹಾಕಿರುತ್ತಿದ್ದೆ. ಅವಳ ದಾರಿಯೇ ಒಳ್ಳೆಯದು, ಒಪ್ಪುತ್ತೇನೆ.

ತ್ರೌಸ್ ನಿವೃತ್ತರಾದ ಮೇಲೆ ವಿಭಾಗದ ಮುಖ್ಯಸ್ಥನಾಗಿ ಬಂದವನು ವಿಲ್ಲೆಮ್. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಹಾಗಾಗಿ ಏಕವಚನ. ವಿದ್ವಾಂಸ, ಒಳ್ಳೆಯ ಮನುಷ್ಯ, ಆದರೆ ಎಲ್ಲದರಲ್ಲೂ ಅರ್ಥ ಹುಡುಕುವ ಚಾಳಿ. ನಮ್ಮಲ್ಲಿ ಜಪಾನಿನ ಹಳೆಯ ಅಚ್ಚುಚಿತ್ರಗಳು ಮೊದಲಿನಿಂದ ಇದ್ದವು: ಪರ್ವತ, ಅಲೆ, ನಟರು, ಸುಂದರಿಯರು. ಈಗಿನ ಕಾಲದ ಕಲಾವಿದರ ಚಿತ್ರಗಳನ್ನು ಕೊಳ್ಳಲು ಶುರುಮಾಡಿದ್ದು ವಿಲ್ಲೆಮ್. ಅವುಗಳಲ್ಲಿ ಪರ್ವತ ಇರಲಿಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಒಣಗಿದ ಬನಿಯನ್ನು, ರೈಲ್ವೆ ಗೇಟಿನಲ್ಲಿ ಸೈಕಲ್ ಹಿಡಿದು ಕಾಯುವ ಹೆಂಗಸು, ಕಾಗೆ ಕೆದಕದಂತೆ ಬಲೆ ಮುಚ್ಚಿದ ಕಸದ ಚೀಲ, ಅಂಗಡಿ ಬಾಗಿಲಲ್ಲಿ ಮರೆತುಹೋದ ಛತ್ರಿ, ಮೊಳೆಗೆ ನೇತುಹಾಕಿದ ಮಾಸ್ಕು. ನನ್ನ ಸಹೋದ್ಯೋಗಿಗಳು ಇವುಗಳನ್ನಿಟ್ಟ ಡ್ರಾಯರಿಗೆ 'ಅಡುಗೆಮನೆ' ಎಂದೇ ಹೆಸರಿಟ್ಟರು. ನನಗೆ ಮಾತ್ರ ಮೊದಲ ಸಲ ನನ್ನ ಮೇಜಿನ ಮೇಲೆ ನನಗೆ ಗೊತ್ತಿರುವ ಸಾಮಾನು ಬಂದಂತಾಯಿತು. ಇಷ್ಟವಾಯಿತು.

ಹೀಗೆ ಬಂದವರಲ್ಲಿ ಸಚಿಕೊ ಎನ್ನುವವರು ಒಬ್ಬರು. ಜಪಾನಿನ ಒಂದು ಸಣ್ಣ ಊರಿನಲ್ಲಿ ವಯಸ್ಸಾದ ತಾಯಿಯೊಂದಿಗೆ ಇದ್ದವರು. ತಿಂಗಳಿಗೊಂದು ಅಚ್ಚುಚಿತ್ರ ಮಾಡುತ್ತಿದ್ದರು, ತಮ್ಮ ಅಡುಗೆಮನೆಯದು ಮಾತ್ರ. ನಲ್ಲಿಗೆ ಹಾಕಿದ ಒದ್ದೆ ಬಟ್ಟೆ, ರೈಸ್ ಕುಕ್ಕರ್, ಅರ್ಧ ಬೆಲೆಯ ಚೀಟಿ ಅಂಟಿಸಿದ ತೋಫು ಡಬ್ಬಿ, ಗೋಡೆಯ ಕ್ಯಾಲೆಂಡರ್. ಆ ಕ್ಯಾಲೆಂಡರಿನಲ್ಲಿ ಕೆಲವು ತಾರೀಖುಗಳಿಗೆ ಕೆಂಪು ಸುತ್ತು ಹಾಕಿತ್ತು. ಮೀಟಿಂಗಿನಲ್ಲಿ ವಿಲ್ಲೆಮ್ ಅದರ ಮೇಲೆ ಅರ್ಧ ಗಂಟೆ ಮಾತಾಡಿದ: ಸೂರ್ಯ, ರಾಷ್ಟ್ರ, ಕಾಲಚಕ್ರ. ನಾನು ಹೇಳಿದೆ, "ವಿಲ್ಲೆಮ್, ಅದು ಗ್ಯಾಸೋ, ಹಾಲೋ, ಕಸದ ಗಾಡಿಯೋ ಇರಬೇಕು. ನಮ್ಮ ಮನೆಯಲ್ಲೂ ಹಾಗೇ ಸುತ್ತು ಹಾಕುತ್ತಿದ್ದೆವು." ಎಲ್ಲರೂ ನಕ್ಕರು. ವಿಲ್ಲೆಮ್ ಪತ್ರ ಬರೆದು ಕೇಳಿದ. ಸಚಿಕೊ ಅವರಿಂದ ಒಂದೇ ಸಾಲಿನ ಉತ್ತರ ಬಂತು: ಪ್ಲಾಸ್ಟಿಕ್ ಕಸ ಒಯ್ಯುವ ದಿನಗಳು. ಆಮೇಲೆ ಅಡುಗೆಮನೆ ಡ್ರಾಯರಿನ ವಿಷಯ ಬಂದಾಗಲೆಲ್ಲ ವಿಲ್ಲೆಮ್ ನನ್ನನ್ನು ಕೇಳತೊಡಗಿದ.

ಸಚಿಕೊ ಅವರ ಒಂದು ವರ್ಷದ ಹನ್ನೆರಡು ಹಾಳೆಗಳನ್ನು ಮ್ಯೂಸಿಯಂ ಕೊಂಡಿತು. ಈಗಿನ ಜಪಾನಿನ ದಿನನಿತ್ಯದ ಬದುಕು ಎಂಬ ಪ್ರದರ್ಶನಕ್ಕೆ ಅವೇ ಮುಖ್ಯ. ಮೊದಲ ಎಂಟು ಹಾಳೆಗಳಲ್ಲಿ ಅವರ ತಾಯಿ ಎಲ್ಲಾದರೂ ಒಂದು ಕಡೆ ಇರುತ್ತಿದ್ದರು: ಕಿತ್ತಳೆ ಸುಲಿಯುವ ಕೈ, ಕನ್ನಡಕ, ಫ್ರಿಜ್ಜಿನ ಬಾಗಿಲ ಹಿಂದಿನ ಬೆನ್ನು. ಒಂಬತ್ತನೆಯದರಲ್ಲಿ ಮೇಜು, ಎರಡು ಲೋಟ, ಒಂದು ಖಾಲಿ ಕುರ್ಚಿ. ಆಮೇಲಿನವುಗಳಲ್ಲಿ ಅವರು ಇಲ್ಲ. ನಡುವೆ ಏನಾಗಿರಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ವಿಲ್ಲೆಮ್‌ಗೆ ಆ ಖಾಲಿ ಕುರ್ಚಿ ಎಷ್ಟು ಹಿಡಿಸಿತೆಂದರೆ ಅದನ್ನೇ ಪೋಸ್ಟರ್ ಮಾಡಿಸಿದ. ಊರಿನ ಟ್ರಾಮ್ ಸ್ಟಾಪುಗಳಲ್ಲೆಲ್ಲ ಅದೇ ಕುರ್ಚಿ.

ಹನ್ನೆರಡು ಹಾಳೆಗಳೂ ದಾರಿಯಲ್ಲಿ ತೇವ ಹೀರಿ ಹಪ್ಪಳದ ಹಾಗೆ ಅಲೆಅಲೆಯಾಗಿದ್ದವು. ಪ್ರದರ್ಶನಕ್ಕೆ ಮೂರು ವಾರವಿತ್ತು. ಅವನ್ನು ಆವಿಯ ಪೆಟ್ಟಿಗೆಯಲ್ಲಿಟ್ಟು, ಬ್ಲಾಟಿಂಗ್ ಪೇಪರಿನ ನಡುವೆ ಭಾರ ಹೇರಿ ಸಪಾಟು ಮಾಡುವುದು ನನ್ನ ಕೆಲಸ. ನೂರಾರು ಸಲ ಮಾಡಿದ ಕೆಲಸ. ಮೊದಲ ಎಂಟಕ್ಕೆ ಅಡ್ಡಬೆಳಕು ಹಿಡಿದು ನೋಡಿದೆ. ಎಂಟರಲ್ಲೂ ಅಲೆ ಬಿಟ್ಟರೆ ಏನೂ ಇರಲಿಲ್ಲ, ಈ ಹೆಂಗಸು ಬಣ್ಣವಿಲ್ಲದ ಉಬ್ಬಚ್ಚು ಮಾಡುವವರಲ್ಲ ಎಂದುಕೊಂಡೆ. ಒಂಬತ್ತನೆಯದು ಕೈಗೆ ಬಂದಾಗ ನನ್ನ ದೀಪ ಮೇಜಿನ ಮೇಲಿರಲಿಲ್ಲ. ಉಳಿದ ನಾಲ್ಕು ಹಾಳೆಗಳ ರಿಪೇರಿಗೆ ಮುಂಚಿನ ಫೋಟೋ ತೆಗೆಯಲು ನಮ್ಮ ಫೋಟೋಗ್ರಾಫರ್ ಅದನ್ನು ಒಯ್ದು ತನ್ನ ಕೋಣೆಯಲ್ಲೇ ಬಿಟ್ಟಿದ್ದ. ಎರಡು ಕಾರಿಡಾರ್ ದಾಟಿ ಹೋಗಿ ತರಬೇಕಿತ್ತು. ಹೋಗಲಿಲ್ಲ. ನನಗೆ ಅವಸರವೂ ಇರಲಿಲ್ಲ, ಯಾರೂ ತಳ್ಳುತ್ತಲೂ ಇರಲಿಲ್ಲ, ಸೋಮಾರಿತನ, ಅಷ್ಟೇ. ಹಾಳೆ ಪೆಟ್ಟಿಗೆಗೆ ಹೋಯಿತು, ಭಾರದ ಕೆಳಗೆ ಹೋಯಿತು, ನಾಲ್ಕನೆಯ ದಿನ ಇಸ್ತ್ರಿ ಮಾಡಿದ ಕರವಸ್ತ್ರದಂತೆ ಹೊರಬಂತು.

ಒಂದು ವಾರದ ನಂತರ ವರದಿಗೆ ಸೇರಿಸಲೆಂದು ಆ ಫೋಟೋಗಳನ್ನು ತೆರೆದೆ. ಒಂಬತ್ತನೆಯ ಹಾಳೆಯ ಅಡ್ಡಬೆಳಕಿನ ಫೋಟೋದಲ್ಲಿ, ಅಲೆಗಳ ನಡುವೆ, ಕುರ್ಚಿಯ ಮೇಲೆ ಒಬ್ಬ ಮುದುಕಿ ಕೂತಿದ್ದರು. ಮೊಣಕೈ ಮೇಜಿಗೆ ಊರಿ, ಎಡಗೈ ಕೆನ್ನೆಗೆ ಇಟ್ಟುಕೊಂಡು. ಕನ್ನಡಕದ ತೆಳುಗೆರೆಯೂ ಇತ್ತು. ಸಚಿಕೊ ತಾಯಿಯನ್ನು ಬಣ್ಣವಿಲ್ಲದೆ ಅಚ್ಚು ಹಾಕಿ ಆ ಕುರ್ಚಿಯಲ್ಲಿ ಕೂರಿಸಿದ್ದರು.

ಎದ್ದು ಹೋಗಿ ಹಾಳೆ ತೆಗೆದು, ದೀಪ ತಂದು, ಎಲ್ಲ ಕಡೆಯಿಂದಲೂ ಹಿಡಿದು ನೋಡಿದೆ. ಮೊಣಕೈ ಇದ್ದಲ್ಲಿ ಒಂದು ಗೆರೆ ಉಳಿದಂತಿತ್ತು. ಇರಲಿಲ್ಲವೇನೋ, ಇರಬೇಕೆಂದು ನನಗೆ ಆಸೆಯಿತ್ತೇನೋ. ಟಾಯ್ಲೆಟ್ಟಿಗೆ ಹೋಗಿ ಮುಖ ತೊಳೆದುಕೊಂಡು ವಿಲ್ಲೆಮ್‌ನ ಕೋಣೆಗೆ ಹೋದೆ.

ವಿಲ್ಲೆಮ್ ಫೋಟೋವನ್ನೂ ಹಾಳೆಯನ್ನೂ ಬಹಳ ಹೊತ್ತು ನೋಡಿದ. "ಫೋಟೋ ಇದೆಯಲ್ಲ. ದಾಖಲೆ ಉಳಿಯಿತು" ಎಂದ.

"ಚಿತ್ರ ಉಳಿಯಲಿಲ್ಲ" ಎಂದೆ.

"ನೋಡುವವರಿಗೆ ಕುರ್ಚಿ ಕಾಣುತ್ತದೆ ಮೀನಾ, ಅದು ಸಾಕು. ವರದಿಯಲ್ಲಿ ಬರೆದಿಡು. ಅವರಿಗೆ ಮಾತ್ರ ಈಗ ಹೇಳಬೇಡ. ಉದ್ಘಾಟನೆಗೆ ಅಷ್ಟು ದೂರದಿಂದ ಬರುತ್ತಿದ್ದಾರೆ. ಮುಗಿಯಲಿ, ಆಮೇಲೆ ನೋಡೋಣ."

ನಾನು ಮೀನಾಕ್ಷಿ, ಇಲ್ಲಿಯವರ ಬಾಯಲ್ಲಿ ಮೀನಾ. ಆಗಲಿ ಎಂದೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ನಿರಾಳವೇ ಆಯಿತು. ಮೇಲಧಿಕಾರಿ ಬೇಡ ಎಂದ ಮೇಲೆ ನನ್ನದೇನು ಎಂದು ಕೈತೊಳೆದುಕೊಂಡೆ. ಆ ನಿರಾಳ ಮನೆ ಮುಟ್ಟುವವರೆಗೂ ಬಾಳಲಿಲ್ಲ, ಏಕೆಂದರೆ ದಾರಿಯುದ್ದಕ್ಕೂ ಪ್ರತಿ ಟ್ರಾಮ್ ಸ್ಟಾಪಿನಲ್ಲಿ ಆ ಕುರ್ಚಿ ಇತ್ತು.

ಐದು ದಿನ ಸುಮ್ಮನಿದ್ದೆ. ವಸಂತ ಧಾರವಾಡದವರು, ಸುತ್ತಿಬಳಸಿ ಮಾತಾಡುವವರಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ ನನ್ನನ್ನು ನೋಡಿ, "ಯಾಕ, ಏನಾಗೇತಿ? ಅನ್ನಾ ಎಷ್ಟ ಕಲಸ್ತಿ?" ಎಂದರು. ಹೇಳಿದೆ.

"ಅಕಿಗೆ ಹೇಳಿಬಿಡು."

"ವಿಲ್ಲೆಮ್ ಬೇಡ ಅಂದಿದಾನೆ ಕಣ್ರೀ. ಕೆಲಸಕ್ಕೇ ತೊಂದ್ರೆ ಆಗ್ಬಹುದು."

"ಆದ್ರ ಆಗ್ಲಿ. ಅಕಿ ತನ್ನ ಅವ್ವನ್ನ ಕುಂದ್ರಿಸಿದ್ಲು, ನೀ ಅಳಿಸಿಬಿಟ್ಟಿ. ಅಕಿಗೆ ಗೊತ್ತಾಗಬ್ಯಾಡೇನು? ನಾಳೆ ಅಕಿ ಆ ಗ್ವಾಡಿ ಮುಂದ ನಿಂತು ಅವ್ವನ್ನ ಹುಡುಕಿದ್ರ ನೀ ಯಾವ ಮುಖಾ ಇಟ್ಕೊಂಡು ನಿಂದರ್ತಿ?"

ನನಗೆ ಸಿಟ್ಟು ಬಂತು. ಸಿಟ್ಟು ಅವರ ಮೇಲೆ ಅಲ್ಲ ಎಂದು ಗೊತ್ತಿದ್ದರೂ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಸಚಿಕೊ ಬಂದದ್ದು ಉದ್ಘಾಟನೆಯ ಹಿಂದಿನ ದಿನ. ಅಂದು ಬೆಳಿಗ್ಗೆ ವಿಲ್ಲೆಮ್‌ಗೆ, "ನಾನು ಈವತ್ತು ಅವರಿಗೆ ಹೇಳುತ್ತೇನೆ" ಎಂದೆ.

"ನಾಡಿದ್ದು ಹೇಳು ಮೀನಾ. ಎರಡೇ ದಿನ."

"ನಾಡಿದ್ದು ಹೇಳಿದರೆ, ನಾಳೆ ಅವರು ಆ ಹಾಳೆಯ ಮುಂದೆ ನಿಂತು ಜನರೆದುರು ಮಾತಾಡಿರುತ್ತಾರೆ."

ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಆಮೇಲೆ ಸ್ಕ್ರೂಡ್ರೈವರ್ ಹುಡುಕಿಕೊಂಡು ಬಂದು ತಾನೇ ಗೋಡೆಯಿಂದ ಆ ಚೌಕಟ್ಟು ಇಳಿಸಿ, ಹಾಳೆಯನ್ನು ಬಿಡಿಸಿ ನನ್ನ ಮೇಜಿಗೆ ತಂದಿಟ್ಟ. ವಿಲ್ಲೆಮ್‌ನ ಬಗ್ಗೆ ಏನೇ ತಮಾಷೆ ಮಾಡಿದ್ದರೂ ಇದನ್ನು ಹೇಳದೆ ಇರಲಾರೆ.

ಸಚಿಕೊ ಕುಳ್ಳಗೆ, ಅರವತ್ತರ ಆಸುಪಾಸಿನವರು. ಅವರಿಗೂ ನನಗೂ ನಡುವೆ ಇದ್ದದ್ದು ತುಂಡುತುಂಡು ಇಂಗ್ಲಿಷ್. ಅದು ಒಳ್ಳೆಯದೇ ಆಯಿತು, ಸಮಜಾಯಿಷಿ ಹೇಳುವಷ್ಟು ಪದಗಳು ಇಬ್ಬರಲ್ಲೂ ಇರಲಿಲ್ಲ. ಹಾಳೆ ಇಟ್ಟೆ, ಪಕ್ಕದಲ್ಲಿ ಫೋಟೋ ಇಟ್ಟೆ. "ಭಾರ ಹೇರಿದ್ದು ನಾನು. ಮೊದಲು ನೋಡಲಿಲ್ಲ. ನೋಡಬೇಕಾಗಿತ್ತು" ಎಂದೆ.

ಅವರು ಮೇಲಿನ ದೀಪ ಆರಿಸುವಂತೆ ಸನ್ನೆ ಮಾಡಿದರು. ಪುಟ್ಟ ದೀಪವನ್ನು ತಾವೇ ಹಿಡಿದು ಹಾಳೆಯ ಒಂದೊಂದು ಬದಿಗೂ ತಂದು ನೋಡಿದರು. ಬೆರಳ ತುದಿಯನ್ನು ಕಾಗದಕ್ಕೆ ಮುಟ್ಟಿಸದೆ ಕುರ್ಚಿಯ ಮೇಲೆ ಗಾಳಿಯಲ್ಲೇ ಆಡಿಸಿದರು.

"ಇನ್ನೊಂದು ಪ್ರತಿ ಇದೆಯಾ?" ಎಂದು ಕೇಳಿದೆ. ಅದನ್ನು ಕೇಳಲೇಬೇಕಿತ್ತು, ನನ್ನ ಆಸೆಯೆಲ್ಲ ಅದರ ಮೇಲೇ ಇತ್ತು.

"ಇಲ್ಲ. ಬೇರೆ ಪ್ರತಿಗಳಲ್ಲಿ ಕುರ್ಚಿ ಮಾತ್ರ. ಅಮ್ಮ ಇದ್ದದ್ದು ಇದೊಂದರಲ್ಲೇ."

"ಹಲಗೆ?"

"ಕೆತ್ತನೆ ಹೆರೆದು ತೆಗೆದೆ. ಮುಂದಿನ ತಿಂಗಳ ಚಿತ್ರಕ್ಕೆ ಅದೇ ಹಲಗೆ." ದೀಪ ಕೆಳಗಿಟ್ಟು ಹೇಳಿದರು, "ನಮ್ಮ ಮನೆ ಬಹಳ ಚಿಕ್ಕದು. ಮ್ಯೂಸಿಯಂನಲ್ಲಾದರೆ ಯಾರೂ ಅಮ್ಮನನ್ನು ಕುರ್ಚಿಯಿಂದ ಎಬ್ಬಿಸುವುದಿಲ್ಲ ಎಂದುಕೊಂಡು ಇಲ್ಲಿಗೆ ಕಳಿಸಿದೆ."

ನನಗೆ ಅಳು ಬಂತು, ಅತ್ತುಬಿಟ್ಟೆ. ಅವರು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ. ಪರವಾಗಿಲ್ಲ ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಬಂದಿದ್ದರೆ ನಾನು ನಂಬುತ್ತಿರಲಿಲ್ಲ.

ಆ ದಿನ ದೀಪ ಎಲ್ಲಿತ್ತು ಎಂದು ಕೇಳಿದರು. ಫೋಟೋಗ್ರಾಫರ್ ಕೋಣೆಯಲ್ಲಿ ಎಂದೆ. ಅವರು ತಮ್ಮ ಚೀಲದಲ್ಲಿದ್ದ ಒಂದು ಪೊಟ್ಟಣದ ಹತ್ತಿ ದಾರ ಬಿಚ್ಚಿ, ಬಗ್ಗಿ ಕೂತು, ದೀಪದ ಬುಡವನ್ನು ನನ್ನ ಮೇಜಿನ ಕಾಲಿಗೆ ಕಟ್ಟಿದರು. ಎರಡು ಗಂಟು ಹಾಕಿದರು. ಆಮೇಲೆ ನನ್ನ ಸ್ಟೂಲಿನ ಮೇಲೆ ಕೂತು, ಸಣ್ಣ ನೋಟ್‌ಬುಕ್ ತೆಗೆದು, ಮೇಜನ್ನೂ, ಭಾರದ ಕಬ್ಬಿಣದ ತುಂಡುಗಳನ್ನೂ, ನಮ್ಮ ಟೀ ಕೆಟಲನ್ನೂ ಚಿತ್ರಿಸಿಕೊಂಡರು. ಟೀ ಕೊಟ್ಟೆ. ಕುಡಿದು ಹೋದರು.

ಒಂಬತ್ತನೆಯ ಹಾಳೆ ತೂಗುಹಾಕುವುದು ಬೇಡ ಎಂದು ವಿಲ್ಲೆಮ್‌ನೇ ಹೇಳಿದ. ಸಚಿಕೊ ಒಪ್ಪಲಿಲ್ಲ. "ಇರಲಿ. ಪೋಸ್ಟರಿನಲ್ಲಿ ಖಾಲಿ ಕುರ್ಚಿ ಎಂದು ಬರೆದಿದ್ದೀರಲ್ಲ. ಈಗ ಅದು ಸರಿ" ಎಂದರು. ಮಾರನೆಯ ದಿನ ಜನರೆದುರು ಕ್ಯಾಲೆಂಡರಿನ ಬಗ್ಗೆ, ತೋಫು ಡಬ್ಬಿಯ ಬಗ್ಗೆ ಮಾತಾಡಿ ಎಲ್ಲರನ್ನೂ ನಗಿಸಿದರು. ಆ ಹಾಳೆಯ ಮುಂದೆ ನಿಲ್ಲಲಿಲ್ಲ. ನನಗೆ ಆಡಳಿತದಿಂದ ಲಿಖಿತ ಎಚ್ಚರಿಕೆ ಬಂತು. ಬರಬೇಕಾದ್ದೇ. ವರದಿಯಲ್ಲಿ, ತ್ರೌಸ್ ಹೇಳಿಕೊಟ್ಟಂತೆ, ನನ್ನಿಂದ ಆದದ್ದನ್ನು ಮೊದಲ ಸಾಲಿನಲ್ಲಿ ಬರೆದೆ.

ಆಮೇಲೆ ಎಂಟು ವರ್ಷ ಕೆಲಸ ಮಾಡಿದೆ. ಆ ದಾರ ಬಿಚ್ಚಲು ಯಾರಿಗೂ ಬಿಡಲಿಲ್ಲ. ಫೋಟೋಗ್ರಾಫರ್‌ಗೆ ಬೇರೆ ದೀಪ ಕೊಡಿಸಿದೆವು. ಹೊಸದಾಗಿ ಬಂದವರು ನಗುತ್ತಿದ್ದರು, ಕಟ್ಟಿಹಾಕಿದ ಕರು ಎಂದು ದೀಪಕ್ಕೆ ಹೆಸರಿಟ್ಟರು. ನಕ್ಕರೂ ಹಚ್ಚುತ್ತಿದ್ದರು. ಎಂಟು ಹಾಳೆಯಲ್ಲಿ ಏನೂ ಇಲ್ಲದಿದ್ದರೂ ಒಂಬತ್ತನೆಯದಕ್ಕೆ ಹಚ್ಚಬೇಕು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಯಾಕೆ ಎಂದೂ ಹೇಳುತ್ತಿದ್ದೆ. ನಿವೃತ್ತಿಯ ದಿನ ಈ ದೇಶದ ಪದ್ಧತಿಯಂತೆ ನನ್ನ ಕೇಕನ್ನು ನಾನೇ ತಂದೆ, ಜೊತೆಗೆ ಒಂದು ಡಬ್ಬಿ ಮೈಸೂರ್‌ಪಾಕ್. ಸಚಿಕೊ ಅವರಿಂದ ಆ ಎಂಟು ವರ್ಷದಲ್ಲಿ ನನಗೆ ಒಂದು ಸಾಲೂ ಬಂದಿರಲಿಲ್ಲ. ನಾನೂ ಬರೆಯಲಿಲ್ಲ. ಏನೆಂದು ಬರೆಯುವುದು?

ಕಳೆದ ತಿಂಗಳು ರಚನಾ ಫೋನ್ ಮಾಡಿದಳು. "ಮೇಡಂ, ಜಪಾನಿಂದ ಒಂದು ಟ್ಯೂಬ್ ಬಂದಿದೆ. ಒಳಗಡೆ ಒಂದು ಪ್ರಿಂಟ್. ಅದ್ರಲ್ಲಿ ನಮ್ ಟೇಬಲ್ ಇದೆ."

"ನಮ್ಮ ಟೇಬಲ್ಲಾ?"

"ಹ್ಞೂಂ ಮೇಡಂ, ಸೀರಿಯಸ್ಲಿ. ಕೆಟಲ್ಲೂ ಇದೆ, ವೆಯ್ಟ್‌ಗಳೂ ಇವೆ. ದೀಪ, ದಾರ, ಎರಡು ಗಂಟು ಸಮೇತ. ನೀವು ಬರ್ಲೇಬೇಕು. ಉಳಿದಿದ್ದು ಫೋನಲ್ಲಿ ಹೇಳಲ್ಲ."

ರೈಲಿನಲ್ಲಿ ಹೋಗುವಾಗ ಒಂದೇ ಯೋಚನೆ. ಸಚಿಕೊ ಯಾವಾಗಲೂ ಚಿತ್ರಗಳನ್ನು ಎರಡು ರಟ್ಟಿನ ನಡುವೆ ಚ‌ಪ್ಪಟೆಯಾಗಿ ಕಳಿಸುವವರು. ಈ ಸಲ ಸುರುಳಿ ಸುತ್ತಿ ಕಳಿಸಿದ್ದಾರೆ. ಸುರುಳಿಯಾಗಿ ಬಂದ ಹಾಳೆ ನೇರವಾಗಿ ಭಾರದ ಕೆಳಗೆ ಹೋಗುತ್ತದೆ ಎನ್ನುವುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಬೇಕೆಂದೇ ಮಾಡಿದ್ದಾರೆ ಎಂದು ನನಗನ್ನಿಸಿತು.

ಹಾಳೆ ನನ್ನ ಹಳೆಯ ಮೇಜಿನ ಮೇಲಿತ್ತು, ಅಂಚುಗಳು ಇನ್ನೂ ಸುರುಟಿಕೊಂಡೇ ಇದ್ದವು. ರಚನಾ ಹೇಳಿದ್ದೆಲ್ಲ ಅದರಲ್ಲಿತ್ತು. ಮೇಜು, ಕೆಟಲ್, ಕಟ್ಟಿಹಾಕಿದ ದೀಪ, ನನ್ನ ಸ್ಟೂಲು. ಸ್ಟೂಲು ಖಾಲಿ.

"ಪ್ರೆಸ್ ಮಾಡಿಲ್ಲ ತಾನೇ?" ಎಂದೆ.

"ಅಯ್ಯೋ, ಇಲ್ಲ ಮೇಡಂ. ಫಸ್ಟು ದೀಪ ಹಚ್ಚಿದೆ. ಅದಕ್ಕೇ ನಿಮ್ಮನ್ನ ಕರ್ದಿದ್ದು."

ಅವಳು ಮೇಲಿನ ದೀಪ ಆರಿಸಿದಳು. ಪುಟ್ಟ ದೀಪವನ್ನು, ದಾರ ಬರುವಷ್ಟು ದೂರ, ಹಾಳೆಯ ಎಡಕ್ಕೆ ಸರಿಸಿದಳು. ಸ್ಟೂಲಿನ ಮೇಲೆ ಬಿಳಿ ಕಾಗದ ಮೆಲ್ಲನೆ ಎದ್ದಿತು. ಮೊಣಕೈ ನನ್ನ ಮೇಜಿಗೆ ಊರಿ, ಎಡಗೈ ಕೆನ್ನೆಗೆ ಇಟ್ಟುಕೊಂಡು, ಕನ್ನಡಕ ಹಾಕಿಕೊಂಡು ಆ ತಾಯಿ ಕೂತಿದ್ದರು. ಸಚಿಕೊ ಹೊಸದಾಗಿ ಕೆತ್ತಿ ಕೂರಿಸಿದ್ದರು. ಹಾಳೆಯ ಕೆಳಗೆ ಪೆನ್ಸಿಲ್ಲಿನಲ್ಲಿ ತಿಂಗಳ ಹೆಸರು ಬಿಟ್ಟರೆ ಬೇರೇನೂ ಬರೆದಿರಲಿಲ್ಲ.

ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ರಚನಾ ಮೆಲ್ಲಗೆ ನನ್ನ ಹಿಂದೆ ಆ ಹಳೆಯ ಸ್ಟೂಲನ್ನು ಎಳೆದು, "ಕೂತ್ಕೊಳ್ಳಿ ಮೇಡಂ" ಎಂದಳು.

ಬೇಡ ಎಂದೆ. ಅವಳು ದೀಪ ಆರಿಸುವವರೆಗೂ ನಿಂತೇ ಇದ್ದೆ.